ಕಾರ್ಟೂನ್ ಪಾತ್ರಕ್ಕೆ ನಾಲ್ಕು ಅಕ್ಷರದ ‘ಟೈಪ್’ ಕೊಟ್ಟರೆ ಪಾತ್ರ ಸಿಗುತ್ತಾ? ಕಡಲೆಕಾಯಿ ಪರಿಷೆಯ ಕಿರುಚಿತ್ರಕ್ಕೆ ಸಲಹೆ ಬೇಕು

ಪೆನ್ಸಿಲ್_ಪುಟ್ಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಅನಿಮೇಷನ್ ಓದುತ್ತಿದ್ದೇನೆ, ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಒಂದು ಕಿರುಚಿತ್ರ ಮಾಡಬೇಕು. ನನ್ನ ಕಥೆ ನಡೆಯುವುದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕೊನೆಯ ಸೋಮವಾರ, ಬುಲ್ ಟೆಂಪಲ್ ರಸ್ತೆ ಉದ್ದಕ್ಕೂ ರಾಶಿ ರಾಶಿ ಕಡಲೆಕಾಯಿ. ಕೋಲಾರದ ಕಡೆಯಿಂದ ಬಂದ ಅಜ್ಜಿಯೊಬ್ಬರು ಸೇರಿನಲ್ಲಿ ಅಳೆದು ಮಾರುತ್ತಿದ್ದಾರೆ. ಜನಸಂದಣಿಯಲ್ಲಿ ಅಮ್ಮನ ಕೈ ತಪ್ಪಿದ ಎಂಟು ವರ್ಷದ ಹುಡುಗಿ ಅವರ ರಾಶಿ ಹತ್ತಿರ ಬಂದು ನಿಲ್ಲುತ್ತಾಳೆ. ಪಕ್ಕದಲ್ಲಿ ಪೀಪಿ ಮಾರುವ ಹುಡುಗ. ಇಷ್ಟೇ ಪಾತ್ರಗಳು.

ನಮ್ಮ ಗೈಡ್ ಎಲ್ಲ ಪಾತ್ರಗಳಿಗೂ ಎಂಬಿಟಿಐ ಟೈಪ್ (ಪ್ರಶ್ನಾವಳಿಯಿಂದ ಸ್ವಭಾವಕ್ಕೆ ಕೊಡುವ ನಾಲ್ಕು ಅಕ್ಷರದ ಹೆಸರು) ಬರೆದು ತರಲು ಹೇಳಿದ್ದಾರೆ. ಸರಿ ಅಂತ ಅಜ್ಜಿಯಾಗಿ ಯೋಚಿಸಿಕೊಂಡು ಆನ್‌ಲೈನ್ ಪರೀಕ್ಷೆ ತೆಗೆದುಕೊಂಡೆ. ಐಎಸ್‌ಟಿಜೆ ಬಂತು. ಕಥೆ ಸ್ವಲ್ಪ ಮುಂದೆ ಹೋದ ಮೇಲೆ ಮತ್ತೆ ತೆಗೆದುಕೊಂಡರೆ ಇಎಸ್‌ಎಫ್‌ಜೆ! ಎರಡೂ ಓದಿದಾಗ ಹೌದು ಅನಿಸುತ್ತದೆ. ಆದರೆ ಅದನ್ನು ಇಟ್ಟುಕೊಂಡು ಚಿತ್ರ ಬರೆಯಲು ಕೂತರೆ ಅಜ್ಜಿ ಮರದ ಬೊಂಬೆ ಆಗಿಬಿಡುತ್ತಾರೆ.

ಕ್ಲಾಸಿನಲ್ಲೂ ದಿನಾ ಇದೇ ಚರ್ಚೆ. ಕಾರ್ಟೂನ್ ಸರಣಿ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ನ ಝುಕೋ ಯಾವ ಟೈಪ್, ‘ಫ್ರೋಜನ್’ನ ಎಲ್ಸಾ ಯಾವ ಟೈಪ್ ಅಂತ. ಅದಕ್ಕೆಂದೇ ವೋಟು ಹಾಕುವ ಸೈಟುಗಳಿವೆ. ನನಗೆ ತಿಳಿಯಬೇಕಾದದ್ದು ಇಷ್ಟು: ಈ ಥಿಯರಿಯಿಂದ ಪಾತ್ರ ನಿಜವಾಗಿ ಅರ್ಥ ಆಗುತ್ತಾ? ಆಗುವುದಾದರೆ ಹೇಗೆ ಬಳಸುತ್ತೀರಿ?

---

ಹದಿನಾರರಲ್ಲಿ_ಒಬ್ಬ:

ನನಗೆ ಈ ವಿಷಯ ಅಂದರೆ ಪ್ರಾಣ. ಹಾಗಾಗಿ ಮೊದಲು ಇದರ ಪರವಾಗಿ ಮಾತಾಡುತ್ತೇನೆ.

ಮೂಲ ಮನೋವೈದ್ಯ ಕಾರ್ಲ್ ಯುಂಗ್. 1921ರಲ್ಲಿ ಅವರು ಮನಸ್ಸಿನ ಒಲವುಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದನ್ನು ಓದಿದ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಸಾಮಾನ್ಯ ಜನರಿಗೂ ಬಳಸಲು ಬರುವ ಪ್ರಶ್ನಾವಳಿ ಮಾಡಿದರು, ಅದೇ ಎಂಬಿಟಿಐ. ನಾಲ್ಕು ಜೋಡಿ, ಒಟ್ಟು 16 ಟೈಪ್. ನಿಮಗೆ ಹುಮ್ಮಸ್ಸು ಜನರ ನಡುವೆ ಬರುತ್ತದೋ (ಹೊರಮುಖ, ಅಕ್ಷರ ಇ) ಒಬ್ಬರೇ ಇದ್ದಾಗಲೋ (ಒಳಮುಖ, ಅಕ್ಷರ ಐ)? ಕಣ್ಣೆದುರಿನ ವಿವರ ನಂಬುತ್ತೀರೋ, ಮನಸ್ಸಿಗೆ ಹೊಳೆದದ್ದನ್ನೋ? ತೀರ್ಮಾನ ಮಾಡುವಾಗ ಸರಿ ತಪ್ಪಿನ ಲೆಕ್ಕ ಮುಂದೋ, ಎದುರಿನವರ ಮನಸ್ಸು ಮುಂದೋ? ಮೊದಲೇ ಎಲ್ಲ ಗೊತ್ತು ಮಾಡಿಕೊಳ್ಳುತ್ತೀರೋ, ಬಂದಂತೆ ನೋಡಿಕೊಳ್ಳುತ್ತೀರೋ?

ಪಾತ್ರ ಬರೆಯುವವರಿಗೆ ಇವು ಒಳ್ಳೆಯ ಪ್ರಶ್ನೆಗಳೇ ಅಲ್ವಾ? 2013ರ ‘ಫ್ರೋಜನ್’ ತೆಗೆದುಕೊಳ್ಳಿ. ಎಲ್ಸಾ, ಆನಾ ಅಕ್ಕತಂಗಿ. ಒಂದೇ ಅರಮನೆ, ಒಂದೇ ದುಃಖ, ಒಂದೇ ಮುಚ್ಚಿದ ಬಾಗಿಲು. ಬಾಗಿಲು ತೆರೆಯುವ ದಿನ ಒಬ್ಬಳು ಊರಿಗೆಲ್ಲ ಕೇಳುವಂತೆ ಹಾಡುತ್ತಾ ಹೊರಗೆ ಓಡುತ್ತಾಳೆ. ಇನ್ನೊಬ್ಬಳು ಕೈಗವಸು ಹಾಕಿಕೊಂಡು ಈ ದಿನ ಮುಗಿದರೆ ಸಾಕು ಅಂತಿರುತ್ತಾಳೆ. ಒಳಮುಖ, ಹೊರಮುಖ ಅನ್ನುವ ಕನ್ನಡಕ ಇಲ್ಲದಿದ್ದರೆ ಈ ಜೋಡಣೆ ನನಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ನಿಮ್ಮ ಅಜ್ಜಿ, ಹುಡುಗಿ, ಪೀಪಿ ಹುಡುಗ ಮೂವರೂ ಒಂದೇ ಥರ ಆಗದಂತೆ ನೋಡಿಕೊಳ್ಳಲಾದರೂ ಟೈಪ್ ಬೇಕು.

---

ರಾಜಾಜಿನಗರದ_ಗೆರೆ:

ನಾನು ಸ್ಟೋರಿಬೋರ್ಡ್ (ದೃಶ್ಯಗಳನ್ನು ಮೊದಲೇ ಚಿತ್ರಗಳಲ್ಲಿ ಬರೆಯುವುದು) ಮಾಡುವವಳು. ಮಕ್ಕಳ ಟಿವಿ ಸರಣಿಗಳ ಬೋರ್ಡ್‌ನಿಂದಲೇ ನನ್ನ ಸಂಸಾರ ನಡೆದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ನನಗೆ ದಿನನಿತ್ಯದ ಪ್ರಶ್ನೆ.

ನಮ್ಮ ಕೈಗೆ ಬರುವ ಎಷ್ಟೋ ಪಾತ್ರಗಳು ಹೊರದೇಶದಿಂದ ತಯಾರಾಗಿಯೇ ಬರುತ್ತವೆ. ಜೊತೆಗೆ ಒಂದು ‘ಬೈಬಲ್’, ಅಂದರೆ ಪಾತ್ರಗಳ ಕೈಪಿಡಿ, ಕಳಿಸುತ್ತಾರೆ. ಪಾತ್ರ ಹೇಗಿದೆ, ಹೇಗೆ ನಡೆಯುತ್ತದೆ, ಯಾವ ಕಡೆಯಿಂದ ಹೇಗೆ ಕಾಣುತ್ತದೆ ಎಲ್ಲ ಅದರಲ್ಲಿರುತ್ತದೆ. ಅದರಲ್ಲಿ ‘ಧೈರ್ಯಶಾಲಿ, ತುಂಟ, ನಂಬಿಕಸ್ಥ’ ಅಂತ ಬರೆದಿದ್ದರೆ ನನ್ನಿಂದ ಒಂದು ಪ್ಯಾನೆಲ್ ಕೂಡ ಬರೆಯಲು ಆಗುವುದಿಲ್ಲ. ಅದೇ ಜಾಗದಲ್ಲಿ ‘ಬೈದರೆ ನಗುತ್ತಾನೆ, ಹೊಗಳಿದರೆ ಓಡಿಹೋಗುತ್ತಾನೆ’ ಅಂತ ಒಂದೇ ಸಾಲು ಇರಲಿ, ಕೈ ತಾನಾಗಿ ಓಡುತ್ತದೆ. ನಾಲ್ಕು ಅಕ್ಷರದ ಟೈಪ್ ಸೇರುವುದು ಮೊದಲನೇ ಗುಂಪಿಗೆ. ನಿಮಗೆ ಬೇಕಾದದ್ದು ಎರಡನೇ ಥರದ ಸಾಲು.

ನಿಮ್ಮ ಅಜ್ಜಿಗೆ ಎರಡು ಟೈಪ್ ಬಂದದ್ದು ಯಾಕೆ? ಪರೀಕ್ಷೆ ‘ನೀವು ಸಾಮಾನ್ಯವಾಗಿ ಹೇಗೆ?’ ಅಂತ ಕೇಳುತ್ತದೆ. ಅಜ್ಜಿಗೆ ‘ಸಾಮಾನ್ಯವಾಗಿ’ ಅನ್ನುವುದೇ ಇಲ್ಲ. ಬೆಳಗಿನ ಜಾವ ಲಾರಿಯಿಂದ ಮೂಟೆ ಇಳಿಸುವಾಗ ಒಂದು ಥರ, ಸಂಜೆ ಕಾಲು ಸೋತು ಕೂತಾಗ ಒಂದು ಥರ, ಮಗು ಎದುರಿಗೆ ನಿಂತಾಗ ಇನ್ನೊಂದು ಥರ. ನೀವು ಮೊದಲು ಉತ್ತರ ಬರೆದಾಗ ಮನಸ್ಸಿನಲ್ಲಿದ್ದದ್ದು ವ್ಯಾಪಾರದ ಅಜ್ಜಿ. ಆಮೇಲೆ ಕಥೆಯೊಳಗೆ ಹುಡುಗಿ ಬಂದಳು. ಎರಡೂ ಉತ್ತರ ನಿಜವೇ. ಪಾತ್ರ ಇರುವುದು ಆ ಎರಡರ ನಡುವೆ ಅವರು ಹೇಗೆ ಬದಲಾಗುತ್ತಾರೆ ಅನ್ನುವುದರಲ್ಲಿ.

ಡೋರೇಮಾನ್‌ನ ಜಿಯಾನ್ ನಿಮಗೆಲ್ಲ ಗೊತ್ತು. ಆ ಜಪಾನಿ ಕಾರ್ಟೂನಿನ ದಿನದ ಕಂತುಗಳಲ್ಲಿ ಗೆಳೆಯ ನೊಬಿತಾಗೆ ಹೊಡೆಯುವವನು, ಆಟದ ಸಾಮಾನು ಕಿತ್ತುಕೊಳ್ಳುವವನು. ಆದರೆ 1980ರಿಂದ ಬರುತ್ತಿರುವ ಉದ್ದದ ಸಿನಿಮಾಗಳಲ್ಲಿ, ನಿಜವಾದ ಅಪಾಯ ಎದುರಾದಾಗ, ಗೆಳೆಯರಿಗಾಗಿ ಮುಂದೆ ನುಗ್ಗುವವನೂ ಅವನೇ. ಇಬ್ಬರು ಜಿಯಾನ್ ಇದ್ದಾರೆ ಅಂತ ಮಕ್ಕಳು ಯಾವತ್ತೂ ಅಂದುಕೊಳ್ಳುವುದಿಲ್ಲ. ಬೀದಿಯಲ್ಲಿ ತಾನೇ ದೊಡ್ಡವನಾದರೆ ದಬಾಯಿಸುತ್ತಾನೆ, ತನಗಿಂತ ದೊಡ್ಡದು ಎದುರು ಬಂದರೆ ಸಣ್ಣವರ ಪರ ನಿಲ್ಲುತ್ತಾನೆ. ಈ ಎರಡು ಸಾಲು ಸೇರಿದರೇ ಅವನು.

ಇನ್ನೂ ಒಳ್ಳೆಯ ಉದಾಹರಣೆ ಬೇಕೆಂದರೆ ಹಯಾವೊ ಮಿಯಾಝಾಕಿ ಅವರ 2001ರ ‘ಸ್ಪಿರಿಟೆಡ್ ಅವೇ’ ನೋಡಿ. ಅದರಲ್ಲಿ ಬಿಳಿ ಮುಖವಾಡದ ನೋ-ಫೇಸ್ ಇದೆ. ಮಳೆಯಲ್ಲಿ ಹೊರಗೆ ಸುಮ್ಮನೆ ನಿಂತಿರುತ್ತದೆ, ಕಥೆಯ ಹುಡುಗಿ ಚಿಹಿರೋ ಬಾಗಿಲು ತೆರೆದು ಒಳಗೆ ಬಿಡುತ್ತಾಳೆ. ಕಥೆ ನಡೆಯುವ ದೊಡ್ಡ ಸ್ನಾನಗೃಹದಲ್ಲಿ ಎಲ್ಲರಿಗೂ ಚಿನ್ನದ ಆಸೆ. ಅಲ್ಲಿ ಅದೂ ಆಸೆಬುರುಕ ಆಗುತ್ತದೆ, ತಿಂದು ತಿಂದು ಊದಿಕೊಳ್ಳುತ್ತದೆ, ಆಳುಗಳನ್ನೇ ನುಂಗುತ್ತದೆ. ಅದೇ ಪಾತ್ರ ಝೆನಿಬಾ ಅಜ್ಜಿಯ ಸಣ್ಣ ಮನೆಗೆ ಹೋದಾಗ ಟೀ ಕುಡಿದುಕೊಂಡು, ನೂಲಿನ ಕೆಲಸಕ್ಕೆ ಕೈ ಜೋಡಿಸಿಕೊಂಡು ಕೂರುತ್ತದೆ. ಇದಕ್ಕೆ ನಾಲ್ಕು ಅಕ್ಷರ ಕೊಡಲು ಹೊರಟರೆ ಯಾವ ಮನೆಯಲ್ಲಿದ್ದಾಗಿನದು ಅಂತ ಕೇಳಬೇಕಾಗುತ್ತದೆ. ಸುತ್ತ ಇರುವವರು ಹೇಗೋ ತಾನೂ ಹಾಗೆ, ಅದೇ ಅದರ ಸ್ವಭಾವ. ತನ್ನದೇ ದನಿಯಲ್ಲಿ ಮಾತಾಡದ ಪಾತ್ರ ನನಗೆ ಇಷ್ಟು ಚೆನ್ನಾಗಿ ಗೊತ್ತಲ್ಲ ಅಂತ ಪ್ರತಿ ಸಲ ಆಶ್ಚರ್ಯ ಆಗುತ್ತದೆ.

ಈಗ ನಿಮ್ಮ ಅಜ್ಜಿಗೆ ಬರುತ್ತೇನೆ. ಪರಿಷೆಯಲ್ಲಿ ಕಡಲೆಕಾಯಿ ಕೊಂಡವರಿಗೆ ಗೊತ್ತು, ಸೇರು ತುಂಬಿದ ಮೇಲೆ ಮೇಲೊಂದು ಹಿಡಿ ಕೊಸರು ಬೀಳಬೇಕು. ಕೇಳದೆ ಹಾಕುವವರಿದ್ದಾರೆ, ಕೇಳಿದರೆ ಮಾತ್ರ ಹಾಕುವವರಿದ್ದಾರೆ. ಅಜ್ಜಿ ಕೊಸರು ಯಾರಿಗೆ ಹಾಕುತ್ತಾರೆ? ಮೊದಲು ಅದನ್ನು ಗೊತ್ತು ಮಾಡಿಕೊಳ್ಳಿ. ಕಾರಿನಿಂದ ಇಳಿದು ಚೌಕಾಸಿ ಮಾಡುವವರಿಗೆ ಸೇರಿನ ಬಾಯಿಗೆ ಸಮವಾಗಿ ಅಂಗೈಯಲ್ಲಿ ಸವರಿ ಕೊಡುತ್ತಾರೋ? ಚೌಕಾಸಿ ಮಾಡದೆ ದುಡ್ಡು ಕೊಟ್ಟವರಿಗೆ ಎರಡು ಹಿಡಿ ಹಾಕುತ್ತಾರೋ? ಪಕ್ಕದ ಅಂಗಡಿಯವನು ನೋಡುತ್ತಿದ್ದರೆ ಕೈ ಬಿಗಿಯಾಗುತ್ತದೋ, ಬೇಕಂತಲೇ ಜಾಸ್ತಿ ಹಾಕುತ್ತಾರೋ? ಹುಡುಗಿಯ ಹತ್ತಿರ ದುಡ್ಡಿಲ್ಲ ಅಂತ ತಿಳಿದಾಗ ಸುಮ್ನೆ ಕೊಡುತ್ತಾರೋ, ಇಲ್ಲ ‘ಈ ಜೊಳ್ಳು ಆರಿಸಿ ಕೊಡು’ ಅಂತ ಕೆಲಸ ಹಚ್ಚಿ ಆಮೇಲೆ ಕೊಡುತ್ತಾರೋ? ಕೊನೆಯದು ನಿಜವಾದರೆ ನನಗೆ ಆ ಅಜ್ಜಿ ಪೂರ್ತಿ ಕಾಣಿಸುತ್ತಾರೆ. ಪುಕ್ಕಟೆ ಕೊಟ್ಟು ಮಗುವನ್ನು ಸಣ್ಣದು ಮಾಡುವವರಲ್ಲ ಅವರು. ಕೆಲಸ ಸಿಕ್ಕರೆ ಹೆದರಿಕೆ ಕಡಿಮೆ ಆಗುತ್ತದೆ ಅಂತಲೂ ಅವರಿಗೆ ಗೊತ್ತು.

ಹಾಗಂತ ಥಿಯರಿಯನ್ನು ಬಿಸಾಡಿ ಅಂತ ನಾನು ಹೇಳುವುದಿಲ್ಲ. ನಾನು ಬಳಸುವುದು ಅದರ ಪ್ರಶ್ನೆಗಳನ್ನು. ಉತ್ತರವನ್ನು ಮಾತ್ರ ಹೌದು ಇಲ್ಲ ಅಂತ ಬರೆಯುವುದಿಲ್ಲ, ಎಷ್ಟು ಅಂತ ಬರೆಯುತ್ತೇನೆ. ಅನಿಮೇಷನ್‌ನಲ್ಲಿ ನಮ್ಮ ಕೈಯಲ್ಲಿರುವುದೆಲ್ಲ ‘ಎಷ್ಟು’ ಅನ್ನುವುದೇ. ಹೊರಮುಖದ ಪೀಪಿ ಹುಡುಗ ಮಾತಾಡುವಾಗ ಕೈ ದೇಹದಿಂದ ಎಷ್ಟು ದೂರ ಹೋಗುತ್ತದೆ? ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ). ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಅವನು 6 ಫ್ರೇಮ್‌ನಲ್ಲಿ ಬಾಯಿ ತೆರೆಯಬಹುದು. ಅಜ್ಜಿ 20 ಫ್ರೇಮ್ ಸುಮ್ಮನಿದ್ದು, ಮೊದಲು ಕಣ್ಣು, ಆಮೇಲೆ ತಲೆ, ಆಮೇಲೆ ಮಾತು ಅನ್ನಬಹುದು. ನೋಡುವವರಿಗೆ ಐ, ಇ ಯಾವುದೂ ಗೊತ್ತಿರಬೇಕಿಲ್ಲ. ಆ 14 ಫ್ರೇಮ್ ವ್ಯತ್ಯಾಸ ಸಾಕು. ಅದರಲ್ಲೂ ಹುಡುಗಿ ಅಳುವ ಹಾಗಾದಾಗ ಮಾತ್ರ ಅಜ್ಜಿಯ ಉತ್ತರ ತಟ್ಟನೆ ಬಂದರೆ? ಆಗ ನೋಡುವವರು ಎದ್ದು ಕೂರುತ್ತಾರೆ.

ಆಕಾರದ ಬಗ್ಗೆಯೂ ಒಂದು ಮಾತು. 2009ರ ‘ಅಪ್’ ಚಿತ್ರದಲ್ಲಿ ಕಾರ್ಲ್ ಅಜ್ಜನ ತಲೆ, ಕನ್ನಡಕ, ಕುರ್ಚಿ ಎಲ್ಲ ಚೌಕ. ಅವರ ಹೆಂಡತಿಯ ಸುತ್ತ ಇರುವುದೆಲ್ಲ ದುಂಡು. ಅಲ್ಲಾಡದ ಮನುಷ್ಯ ಅನ್ನುವುದು ಮಾತಿಗೆ ಮುಂಚೆಯೇ ಗೆರೆಯಲ್ಲಿ ಬಂದುಬಿಟ್ಟಿದೆ. ಸ್ವಭಾವದ ಬಗ್ಗೆ ಏನೇ ತೀರ್ಮಾನ ಮಾಡಿ, ಅದು ಗೆರೆಗೋ ಫ್ರೇಮ್‌ಗೋ ಇಳಿಯದಿದ್ದರೆ ಆ ಹಾಳೆಯಿಂದ ನಿಮಗೆ ಉಪಯೋಗ ಇಲ್ಲ.

---

ಮನಶ್ಶಾಸ್ತ್ರ_ಮೇಷ್ಟ್ರು:

ಗೆರೆಯವರು ಕೆಲಸದಿಂದ ಕಂಡುಕೊಂಡದ್ದಕ್ಕೆ ನಮ್ಮ ಕಡೆಯಲ್ಲೂ ಆಧಾರ ಇದೆ, ಹಾಗಾಗಿ ಬರೆಯುತ್ತಿದ್ದೇನೆ.

ಜನರ ಅಂಕಗಳನ್ನು ಗ್ರಾಫ್ ಹಾಕಿದರೆ ಒಳಮುಖದವರದ್ದೊಂದು ಗುಡ್ಡ, ಹೊರಮುಖದವರದ್ದೊಂದು ಗುಡ್ಡ ಅಂತ ಎರಡು ಕಾಣುವುದಿಲ್ಲ. ಹೆಚ್ಚಿನವರು ನಡುವೆಯೇ ಇರುತ್ತಾರೆ. ನಡುವೆ ಗೆರೆ ಎಳೆದು ಎರಡು ಹೆಸರು ಕೊಟ್ಟರೆ, ಗೆರೆಯ ಹತ್ತಿರ ಇದ್ದವರು ಮುಂದಿನ ಸಲ ಆಚೆ ಬೀಳುತ್ತಾರೆ. ಮತ್ತೆ ಪರೀಕ್ಷೆ ತೆಗೆದುಕೊಂಡಾಗ ಟೈಪ್ ಬದಲಾಗುವುದು ಇದಕ್ಕೇ. ಸಂಶೋಧನೆಯಲ್ಲಿ ಇಂದು ಜಾಸ್ತಿ ಬಳಸುವುದು ಐದು ಗುಣಗಳ ‘ಬಿಗ್ ಫೈವ್’ ಅಳತೆ. ಅಲ್ಲಿ ಡಬ್ಬಿಗಳಿಲ್ಲ, ಎಷ್ಟು ಅನ್ನುವುದೇ ಇರುವುದು.

1968ರಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಒಂದು ಪುಸ್ತಕದಲ್ಲಿ ಕೇಳಿದರು: ಒಂದು ಸಂದರ್ಭದಲ್ಲಿ ಕಂಡ ಗುಣ ಇನ್ನೊಂದರಲ್ಲಿ ಕಾಣುತ್ತದೆ ಅಂತ ನಾವು ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೇವೆ? ಆ ವಾದ ಬಹಳ ಕಾಲ ನಡೆಯಿತು. ಆಮೇಲೆ ಯುಇಚಿ ಶೋಡಾ, ಮಿಶೆಲ್ ಮತ್ತು ಜ್ಯಾಕ್ ರೈಟ್ ಸೇರಿ ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ಗಮನಿಸಿದರು, 1994ರಲ್ಲಿ ಪ್ರಕಟಿಸಿದರು. ಒಟ್ಟಾರೆ ಜಗಳಗಂಟತನ ಒಂದೇ ಇರುವ ಇಬ್ಬರು ಮಕ್ಕಳು. ಒಬ್ಬ ಗೆಳೆಯರು ಕೀಟಲೆ ಮಾಡಿದರೆ ಸಿಟ್ಟಾಗುತ್ತಾನೆ, ದೊಡ್ಡವರು ಎಚ್ಚರಿಸಿದರೆ ಸುಮ್ಮನಾಗುತ್ತಾನೆ. ಇನ್ನೊಬ್ಬನದು ಇದಕ್ಕೆ ಪೂರ್ತಿ ತಿರುಗಮುರುಗ. ಮುಖ್ಯ ವಿಷಯ ಏನೆಂದರೆ ಈ ‘ಹೀಗಾದರೆ ಹೀಗೆ’ ಮಾದರಿ ಒಬ್ಬೊಬ್ಬರಲ್ಲೂ ಸ್ಥಿರವಾಗಿತ್ತು. ಅಂದರೆ ಸ್ವಭಾವ ಇಲ್ಲವೇ ಇಲ್ಲ ಅಂತಲ್ಲ. ಅದನ್ನು ಹುಡುಕಬೇಕಾದ ಜಾಗ ಬೇರೆ.

2015ರ ‘ಇನ್‌ಸೈಡ್ ಔಟ್’ ನೋಡಿ. ಅದಕ್ಕೆ ಪಾಲ್ ಎಕ್‌ಮನ್, ಡಾಕರ್ ಕೆಲ್ಟ್‌ನರ್ ಎಂಬ ಮನೋವಿಜ್ಞಾನಿಗಳ ಸಲಹೆ ಇತ್ತು. ರೈಲಿ ಎಂಬ ಹುಡುಗಿಯ ವ್ಯಕ್ತಿತ್ವವನ್ನು ಅಲ್ಲಿ ದ್ವೀಪಗಳಾಗಿ ತೋರಿಸಿದ್ದಾರೆ. ಮನೆಯವರು, ಗೆಳೆತನ, ಹಾಕಿ, ಪ್ರಾಮಾಣಿಕತೆ, ಕೋತಿ ಚೇಷ್ಟೆ. ಅವಳು ಯಾವುದಕ್ಕೆ, ಯಾರಿಗೆ ಅಂಟಿಕೊಂಡಿದ್ದಾಳೋ ಅದೇ ಅವಳು. ಊರು ಬಿಟ್ಟಾಗ ಒಂದೊಂದೇ ಕುಸಿಯುತ್ತದೆ.

---

ಹದಿನಾರರಲ್ಲಿ_ಒಬ್ಬ:

ಒಪ್ಪುತ್ತೇನೆ, ಆದರೆ ಒಂದು ವಿಷಯ ಬಿಡಲಾರೆ. ಟೈಪ್ ಅಂದರೆ ಹೊರಗಿನ ನಡತೆ ಅಲ್ಲ, ಒಳಗಿನ ಓಟ. ಝುಕೋ ಮೊದಲ ಭಾಗದಲ್ಲಿ ಕೂಗಾಡುತ್ತಾನೆ, ಮೂರನೇ ಭಾಗದಲ್ಲಿ ಕಥಾನಾಯಕ ಆಂಗ್‌ಗೆ ಗುರು ಆಗುತ್ತಾನೆ. ನಡತೆ ಪೂರ್ತಿ ಬದಲಾಯಿತು. ಆದರೂ ಎರಡೂ ಕಡೆ ಅವನು ‘ನನಗೆ ಯಾವುದು ಸರಿ’ ಅಂತ ಒಳಗೇ ಹುಡುಕುತ್ತಿರುತ್ತಾನೆ. ಆ ಎಳೆ ಸಿಕ್ಕಿದ್ದು ನನಗೆ ಯುಂಗ್ ಓದಿದ್ದರಿಂದ.

---

ರಾಜಾಜಿನಗರದ_ಗೆರೆ:

ಆ ಎಳೆ ನಿಜ, ಚೆನ್ನಾಗಿ ಹಿಡಿದಿದ್ದೀರಿ. ಅದು ಪರದೆ ಮೇಲೆ ನಮಗೆ ಹೇಗೆ ಗೊತ್ತಾಯಿತು ಅಂತ ಮಾತ್ರ ನೋಡಿ. ಚಿಕ್ಕಪ್ಪ ಐರೋನ ಪ್ರೀತಿ ಬಂದಾಗಲೆಲ್ಲ ಅವನು ಮೊದಮೊದಲು ಸಿಡುಕುತ್ತಾನೆ. ಕೊನೆಗೆ ಕ್ಷಮೆ ಕೇಳಲು ಬಂದು ಕೂತು ಅಳುತ್ತಾನೆ, ಮಾತು ಮುಗಿಯುವ ಮುಂಚೆಯೇ ಐರೋ ಅವನನ್ನು ಎಳೆದು ಅಪ್ಪಿಕೊಳ್ಳುತ್ತಾನೆ. ಒಂದೇ ಪ್ರೀತಿಗೆ ಎರಡು ಉತ್ತರ. ಒಳಗಿನ ಓಟ ನಮಗೆ ಕಂಡದ್ದು ಆ ಎರಡರ ನಡುವಿನ ದೂರದಿಂದ.

---

ಚೆಂಡೆ_ಸದ್ದು:

ನಾನು ಕುಂದಾಪುರದವನು, ಕೆಲಸ ಯಶವಂತಪುರದಲ್ಲಿ. ಯಕ್ಷಗಾನದಲ್ಲಿ ಈ ಟೈಪ್ ಬಹಳ ಹಳೆಯ ವಿಷಯ. ಬಣ್ಣದ ವೇಷ ರಂಗಕ್ಕೆ ಬಂತು ಅಂದರೆ ರಕ್ಕಸ ಅಂತ ಮಕ್ಕಳಿಗೂ ಗೊತ್ತು. ಪುಂಡುವೇಷ ಬಂದರೆ ಅಭಿಮನ್ಯುವೋ ಬಭ್ರುವಾಹನನೋ ಇರಬೇಕು, ಕುಣಿತದ ಬಿರುಸೇ ಹೇಳುತ್ತದೆ. ಬಣ್ಣ, ಕಿರೀಟ, ಪ್ರವೇಶದ ಕುಣಿತ ಇಷ್ಟರಲ್ಲೇ ಟೈಪ್ ಮುಗಿಯಿತು. ಜನ ರಾತ್ರಿಯಿಡೀ ಕೂರುವುದು ಆಮೇಲಿನದಕ್ಕೆ.

ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ. ಪಂಚೆ ಶಲ್ಯದಲ್ಲಿ ಕೂತು ಮಾತಾಡುತ್ತಾರೆ. ಅದೇ ಪ್ರಸಂಗ, ಅದೇ ಪದ್ಯ, ಅದೇ ಕರ್ಣ. ಆದರೆ ಒಬ್ಬರ ಕರ್ಣ ಕೃಷ್ಣನ ಮಾತು ಕೇಳಿ ಕರಗುತ್ತಾನೆ, ಇನ್ನೊಬ್ಬರ ಕರ್ಣ ‘ಈಗ ಬಂದೆಯಾ?’ ಅಂತ ಕೆರಳುತ್ತಾನೆ. ಎದುರಿನ ಅರ್ಥಧಾರಿ (ಪಾತ್ರವಾಗಿ ಮಾತಾಡುವವರು) ಯಾರು ಅನ್ನುವುದರ ಮೇಲೂ ಕರ್ಣ ಬದಲಾಗುತ್ತಾನೆ. ನಿಮ್ಮ ಅಜ್ಜಿಯ ಎದುರು ಯಾರನ್ನು ಕೂರಿಸುತ್ತೀರಿ ಅಂತ ಯೋಚಿಸಿ. ಪೀಪಿ ಹುಡುಗನಿಗೆ ಕೆಲಸ ಸಿಗುವುದು ಅಲ್ಲೇ ಅನಿಸುತ್ತದೆ.

---

ಪೆನ್ಸಿಲ್_ಪುಟ್ಟಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗೆರೆ ಅಕ್ಕ, ನೀವು ಹೇಳಿದ ಹಾಗೆ ಅಜ್ಜಿಗೆ ಬರೆದುಕೊಂಡೆ:

ಚೌಕಾಸಿ ಮಾಡಿದರೆ ಮುಖ ನೋಡದೆ ಅಳೆಯುತ್ತಾರೆ. ಪಕ್ಕದವನು ಬೆಲೆ ಇಳಿಸಿದರೆ ತಾನು ಇಳಿಸುವುದಿಲ್ಲ, ಕೊಸರು ಹೆಚ್ಚಿಸುತ್ತಾರೆ. ಪೀಪಿ ಹುಡುಗ ಗಲಾಟೆ ಮಾಡಿದರೆ ಗದರುತ್ತಾರೆ, ಅವನು ಊಟ ಮಾಡಿಲ್ಲ ಅಂತ ಗೊತ್ತಾದರೆ ಇನ್ನೂ ಜೋರಾಗಿ ಗದರಿಕೊಂಡೇ ಬುತ್ತಿ ಮುಂದೆ ತಳ್ಳುತ್ತಾರೆ. ಪೊಲೀಸರು ಬಂದರೆ ಹುಡುಗಿಯನ್ನು ಹಿಂದೆ ಕೂರಿಸಿಕೊಳ್ಳುತ್ತಾರೆ, ಯಾಕೆಂದರೆ ಅವಳು ಖಾಕಿ ನೋಡಿ ಹೆದರಿದ್ದನ್ನು ಗಮನಿಸಿದ್ದಾರೆ. ಜೊಳ್ಳು ಆರಿಸುವ ಕೆಲಸವನ್ನೂ ಇಟ್ಟುಕೊಂಡೆ, ಬೇಜಾರಿಲ್ಲ ತಾನೇ?

ಈಗ ಹುಡುಗಿಯದೇ ಕಷ್ಟ. ಅವಳು ಮಾತಾಡುವುದಿಲ್ಲ, ಅಳುವುದೂ ಇಲ್ಲ. ಹೆದರಿದಾಗ ಎಣಿಸುವ ಅಭ್ಯಾಸ ಕೊಟ್ಟಿದ್ದೇನೆ, ಕಡಲೆಕಾಯಿ ಒಂದೊಂದಾಗಿ ಸಾಲಾಗಿ ಇಡುತ್ತಾಳೆ. ಆದರೆ ಅವಳು ಹೆದರಿದ್ದಾಳೆ ಅಂತ ಗೊತ್ತಾಗುವುದೇ ಇಲ್ಲ, ಆಟ ಆಡುತ್ತಿದ್ದಾಳೆ ಅನಿಸುತ್ತದೆ ಅಂತ ಗೆಳತಿಯರು ಹೇಳುತ್ತಿದ್ದಾರೆ.

---

ರಾಜಾಜಿನಗರದ_ಗೆರೆ:

ಬುತ್ತಿ ತಳ್ಳುವ ಸಾಲು ಓದಿ ತುಂಬ ಖುಷಿಯಾಯಿತು. ಜೊಳ್ಳಿನ ಕೆಲಸ ನಿಮ್ಮದೇ, ಇಟ್ಟುಕೊಳ್ಳಿ.

ಹುಡುಗಿಗೆ ಎಣಿಸುವುದು ಒಳ್ಳೆಯ ಆಯ್ಕೆ, ಬಿಡಬೇಡಿ. ಒಂದೇ ಸಂದರ್ಭದಲ್ಲಿ ತೋರಿಸಿದ್ದರಿಂದ ಅದು ಆಟದ ಥರ ಕಾಣುತ್ತಿದೆ. ಕಳೆದುಹೋಗುವ ಮುಂಚೆ, ಅಮ್ಮನ ಜೊತೆಗಿರುವಾಗ ಎಲ್ಲಾದರೂ ಒಮ್ಮೆ ಎಣಿಸಲಿ. ನಾಯಿ ಹತ್ತಿರ ಬಂದಾಗ ಅಮ್ಮನ ಬೆರಳುಗಳನ್ನು ಮುಟ್ಟಿ ಎಣಿಸುತ್ತಾಳೆ ಅಂತಿಟ್ಟುಕೊಳ್ಳಿ. ನಾಯಿ ಹೋದ ಮೇಲೆ ನಿಲ್ಲಿಸುತ್ತಾಳೆ. ಇಷ್ಟು ಬಿತ್ತಿದರೆ ರಾಶಿ ಹತ್ತಿರ ಕಡಲೆಕಾಯಿ ಇಡಲು ಶುರು ಮಾಡಿದಾಗ ನೋಡುವವರಿಗೆ ತಾನಾಗಿ ಗೊತ್ತಾಗುತ್ತದೆ. ಆಮೇಲೆ ಎಣಿಕೆ ಕೆಡಿಸಿ. ಪೀಪಿ ಜೋರಾಗಿ ಊದುತ್ತದೆ, ಅವಳಿಗೆ ಲೆಕ್ಕ ತಪ್ಪುತ್ತದೆ, ಸಾಲು ಅಳಿಸಿ ಮೊದಲಿನಿಂದ ಶುರು. ಎರಡನೇ ಸಲ ಸಾಲು ಸೊಟ್ಟಗಿರಲಿ, ಕೈಯ ವೇಗ ಜಾಸ್ತಿಯಾಗಲಿ.

ಕಣ್ಣೀರಿನ ಕ್ಲೋಸಪ್ ಬೇಡ. ಅವಳನ್ನು ಪಕ್ಕದಿಂದ ತೋರಿಸಿ, ಕೈ ಮತ್ತು ಸಾಲು ಎರಡೂ ಸಿಲೂಯೆಟ್‌ನಲ್ಲಿ (ಬರೀ ನೆರಳಿನ ಆಕಾರದಲ್ಲಿ) ಬಿಡಿಯಾಗಿ ಕಾಣಬೇಕು. ಹಿಂದಿನ ಜನಜಂಗುಳಿ ಬಣ್ಣ ಇಳಿಸಿ, ಇಲ್ಲದಿದ್ದರೆ ಬೆರಳು ಕಾಣುವುದಿಲ್ಲ.

ಗೈಡ್ ಕೇಳಿದ ಫಾರ್ಮ್‌ನಲ್ಲಿ ನಾಲ್ಕು ಅಕ್ಷರವನ್ನೂ ತುಂಬಿ ಕೊಡಿ. ಅದರ ಕೆಳಗೆ ನೀವು ಇಲ್ಲಿ ಬರೆದ ಸಾಲುಗಳನ್ನು ಹಾಗೇ ಸೇರಿಸಿ, ಅವರೂ ಓದಲಿ. ಅನಿಮ್ಯಾಟಿಕ್ (ಸ್ಟೋರಿಬೋರ್ಡ್ ಚಿತ್ರಗಳ ಕಚ್ಚಾ ವಿಡಿಯೊ) ಆದ ಕೂಡಲೇ ಲಿಂಕ್ ಹಾಕಿ. ಮೊದಲ ಸಲ ಸೌಂಡ್ ಇಲ್ಲದೆ ನೋಡಿ ಹೇಳುತ್ತೇನೆ.